ತಾರಸಿಗೆ ಚಂದ್ರ, ತವರಿಗೆ ತಾರೆ

ಟೆಲಿಸ್ಕೋಪ್ ಕೊಳ್ಳುವಾಗ ಏನು ನೋಡಬೇಕು? ನಗರದ ಮನೆಯ ತಾರಸಿಯಿಂದ ಯಾವುದರ ಫೋಟೊ ತೆಗೆಯಬಹುದು, ಯಾವುದಕ್ಕೆ ಊರಿನ ಕತ್ತಲೆಯೇ ಬೇಕು? ಇಲ್ಲಿದೆ ಮಾಹಿತಿ.

ದಿನಕ್ಕೆ ಎಷ್ಟು ಸಲ ತಾರಸಿಗೆ ಹೋಗುತ್ತೀರಿ? ಬೆಳಿಗ್ಗೆ ಬಟ್ಟೆ ಒಣಹಾಕಲು, ಸಂಜೆ ತೆಗೆಯಲು, ಬೇಸಿಗೆಯಾದರೆ ಹಪ್ಪಳ-ಸಂಡಿಗೆ ಕಾಯಲು. ಆದರೆ ರಾತ್ರಿ ಪಾತ್ರೆ ತೊಳೆದಿಟ್ಟು, ಒಲೆ ಒರೆಸಿ ಆದ ಮೇಲೆ? ಆಗ ಧಾರಾವಾಹಿ ಮುಂದೆ ಕಳೆಯುವ ಅರ್ಧ ಗಂಟೆಯನ್ನು ವಾರಕ್ಕೆ ಎರಡು ದಿನ ಮಾತ್ರ ತಾರಸಿಗೆ ಕೊಟ್ಟು ನೋಡಿ. ಚಿಕ್ಕದೊಂದು ಟೆಲಿಸ್ಕೋಪ್ ಇದ್ದರೆ ಚಂದ್ರನ ಕುಳಿಗಳು, ಗುರುವಿನ ನಾಲ್ಕು ಚಂದ್ರರು, ಶನಿಯ ಬಳೆ, ಎಲ್ಲವೂ ನಿಮ್ಮ ಮೊಬೈಲಿನಲ್ಲೇ ಫೋಟೊ ಆಗುತ್ತವೆ.

‘ಅಯ್ಯೋ, ಅದೆಲ್ಲಾ ವಿಜ್ಞಾನಿಗಳ ಕೆಲಸ, ಅಡುಗೆಮನೆಯವರಿಗೆ ಯಾಕೆ?’ ಅಂತೀರಾ? ಹಾಗಾದರೆ ಕ್ಯಾರೊಲಿನ್ ಹರ್ಷೆಲ್ ಕತೆ ಕೇಳಿ. 1750ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಈಕೆ ಇಂಗ್ಲೆಂಡಿಗೆ ಬಂದು ಅಣ್ಣ ವಿಲಿಯಂನ ಮನೆ ನೋಡಿಕೊಂಡಿದ್ದವಳು. ಅಣ್ಣ ಟೆಲಿಸ್ಕೋಪಿನ ಕನ್ನಡಿ ಉಜ್ಜುತ್ತಾ ಕೈ ಬಿಡಲಾಗದೆ ಇದ್ದಾಗ ಅವನ ಬಾಯಿಗೆ ತುತ್ತು ಇಡುತ್ತಿದ್ದವಳೂ ಇವಳೇ. ಮನೆಗೆಲಸ ಮುಗಿಸಿ ತಾನೂ ಆಕಾಶ ನೋಡತೊಡಗಿದಳು. 1786ರಲ್ಲಿ ಹೊಸದೊಂದು ಧೂಮಕೇತು ಕಂಡುಹಿಡಿದಳು. ಮರುವರ್ಷ ಇಂಗ್ಲೆಂಡಿನ ರಾಜ ಅವಳಿಗೆ ವರ್ಷಕ್ಕೆ 50 ಪೌಂಡ್ ಸಂಬಳ ಗೊತ್ತುಮಾಡಿದ. ನಮ್ಮಲ್ಲೂ ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ನಿರ್ದೇಶಕಿಯಾಗಿದ್ದ ಡಾ. ಬಿ.ಎಸ್. ಶೈಲಜಾ ಅವರು ಖಗೋಳ ವಿಜ್ಞಾನವನ್ನು ಕನ್ನಡದಲ್ಲೇ ತಿಳಿಯುವಂತೆ ಬರೆದಿದ್ದಾರೆ. ನಾವು ವಿಜ್ಞಾನಿಗಳು ಆಗದಿದ್ದರೂ ಆಕಾಶ ನೋಡುವ ಹಕ್ಕು ನಮಗೂ ಇದೆಯಲ್ಲ!

ಕೊಳ್ಳುವ ಮುನ್ನ

ಸೀರೆ ಕೊಳ್ಳುವಾಗ ಅಂಚು ನೋಡಿ ಮರುಳಾಗದೆ ನೇಯ್ಗೆ ನೋಡುತ್ತೀರಿ ತಾನೆ? ಟೆಲಿಸ್ಕೋಪಿಗೂ ಅದೇ ಬುದ್ಧಿ ಇರಲಿ. ಡಬ್ಬಿಯ ಮೇಲೆ ‘450 ಪಟ್ಟು ದೊಡ್ಡದಾಗಿ ತೋರಿಸುತ್ತದೆ’ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೆ ಅದನ್ನು ನಂಬಬೇಡಿ. ಮುಖ್ಯವಾದದ್ದು ಮುಂದಿನ ಮಸೂರದ ಅಥವಾ ಕನ್ನಡಿಯ ಅಗಲ. ಅದು ಎಷ್ಟು ಮಿಲಿಮೀಟರ್ ಇದೆಯೋ ಅದರ ಎರಡರಷ್ಟು ಪಟ್ಟು ಹಿಗ್ಗಿಸುವುದೇ ಹೆಚ್ಚು. 70 ಮಿ.ಮೀ. ಟೆಲಿಸ್ಕೋಪಿನಲ್ಲಿ 140 ಪಟ್ಟು ದಾಟಿದರೆ ಚಿತ್ರ ಕಲಸಿದ ಹಾಗೆ ಕಾಣುತ್ತದೆ.

ಲೆಕ್ಕವೂ ಸುಲಭ. ಟೆಲಿಸ್ಕೋಪಿನ ನಾಭಿದೂರವನ್ನು ಕಣ್ಣಿಡುವ ಐಪೀಸಿನ ನಾಭಿದೂರದಿಂದ ಭಾಗಿಸಿ. ನಾಭಿದೂರ 700 ಮಿ.ಮೀ. ಇದ್ದು, 25 ಮಿ.ಮೀ. ಐಪೀಸ್ ಹಾಕಿದರೆ 28 ಪಟ್ಟು, 10 ಮಿ.ಮೀ. ಹಾಕಿದರೆ 70 ಪಟ್ಟು. ಇಡೀ ಚಂದ್ರನಿಗೆ ಮೊದಲನೆಯದು, ಗ್ರಹಗಳಿಗೆ ಎರಡನೆಯದು. ಆರಂಭಕ್ಕೆ ಇಷ್ಟು ಸಾಕೇ ಸಾಕು. ಸ್ವಲ್ಪ ಹೆಚ್ಚು ಖರ್ಚು ಮಾಡುವ ಮನಸ್ಸಿದ್ದರೆ 114 ಅಥವಾ 130 ಮಿ.ಮೀ. ಕನ್ನಡಿಯ ಟೆಲಿಸ್ಕೋಪ್ ತೆಗೆದುಕೊಳ್ಳಿ.

ಅಂಗಡಿಯಲ್ಲಿ ಮರೆಯದೆ ಒಂದು ಪರೀಕ್ಷೆ ಮಾಡಿ. ಟೆಲಿಸ್ಕೋಪನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ ಬೆರಳಿನಿಂದ ಮೆಲ್ಲಗೆ ತಟ್ಟಿ. ಬಹಳ ಹೊತ್ತು ಅಲುಗಾಡುತ್ತಲೇ ಇದ್ದರೆ ಅದು ಬೇಡ. ಎಷ್ಟೋ ಮನೆಗಳಲ್ಲಿ ಟೆಲಿಸ್ಕೋಪು ಎರಡೇ ದಿನಕ್ಕೆ ಅಟ್ಟ ಸೇರುವುದು ಈ ಪುಕ್ಕಲು ಸ್ಟ್ಯಾಂಡಿನಿಂದಲೇ. ಜೊತೆಗೆ ಐಪೀಸಿಗೆ ಮೊಬೈಲ್ ಸಿಕ್ಕಿಸುವ ಹಿಡಿಕೆ, ಅಂದರೆ ಫೋನ್ ಅಡಾಪ್ಟರ್ ಕೊಳ್ಳಿ. ಕೈಯಲ್ಲಿ ಹಿಡಿದು ತೆಗೆದರೆ ಅಲುಗಾಟ ತಪ್ಪದು.

ಕ್ಯಾಲೆಂಡರ್ ನೋಡಿ ಚಂದ್ರನ ಫೋಟೊ

ಹುಣ್ಣಿಮೆ ದಿನವೇ ಚಂದ್ರ ಚೆನ್ನಾಗಿ ಬರುತ್ತಾನೆ ಎಂದುಕೊಂಡಿದ್ದೀರಾ? ಇಲ್ಲ. ಅಂದು ಬೆಳಕು ನೇರವಾಗಿ ಬೀಳುವುದರಿಂದ ನೆರಳೇ ಇರದೆ ಚಂದ್ರ ಚಪ್ಪಟೆ ದೋಸೆಯಂತೆ ಕಾಣುತ್ತಾನೆ. ಬೆಳಕು-ಕತ್ತಲೆ ಸೇರುವ ಗೆರೆಯ ಪಕ್ಕದಲ್ಲಿ ನೆರಳು ಉದ್ದವಾಗಿ ಬೀಳುತ್ತದೆ. ಬೆಟ್ಟ, ಕುಳಿ ಎದ್ದು ಕಾಣುವುದು ಅಲ್ಲೇ. ಆದ್ದರಿಂದ ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಶುಕ್ಲಪಕ್ಷದ ತಿಥಿ ನೋಡಿಟ್ಟುಕೊಳ್ಳಿ.

* ಪಂಚಮಿ, ಷಷ್ಠಿ: ಒಂದರ ಪಕ್ಕ ಒಂದು ಮೂರು ದೊಡ್ಡ ಕುಳಿಗಳು. ಅವುಗಳಲ್ಲಿ ಥಿಯೋಫಿಲಸ್ ಸುಮಾರು 100 ಕಿ.ಮೀ. ಅಗಲ.
* ಅಷ್ಟಮಿ, ನವಮಿ: ಅಪೆನ್ನೈನ್ ಬೆಟ್ಟಸಾಲು ಬಿಲ್ಲಿನಂತೆ ಬಾಗಿ ಹೊಳೆಯುತ್ತದೆ.
* ನವಮಿ, ದಶಮಿ: 93 ಕಿ.ಮೀ. ಅಗಲದ ಕೋಪರ್ನಿಕಸ್ ಕುಳಿ.
* ಹುಣ್ಣಿಮೆ: ದಕ್ಷಿಣದ ಟೈಕೋ ಕುಳಿಯಿಂದ ಸುತ್ತಲೂ ಹರಡಿದ ಬಿಳಿ ಗೆರೆಗಳು. 2023ರ ಆಗಸ್ಟ್ 23ರಂದು ನಮ್ಮ ಚಂದ್ರಯಾನ-3 ಇಳಿದದ್ದು ಟೈಕೋಗಿಂತಲೂ ದಕ್ಷಿಣಕ್ಕೆ. ಮಕ್ಕಳಿಗೆ ಆ ಕಡೆ ತೋರಿಸಿ.

ಅಷ್ಟಮಿಯ ಚಂದ್ರ ಸಂಜೆಯೇ ನೆತ್ತಿಯ ಮೇಲಿದ್ದು ನಡುರಾತ್ರಿ ಹೊತ್ತಿಗೆ ಮುಳುಗುತ್ತಾನೆ. ನಮ್ಮ ಅಡುಗೆ-ಊಟದ ಸಮಯಕ್ಕೆ ಸರಿಯಾಗಿ ಹೊಂದುವವನು ಇವನೇ.

ಮೊಬೈಲಿನಲ್ಲಿ ಚಂದ್ರ ಕಂಡ ಮೇಲೆ ಪರದೆಯ ಮೇಲೆ ಬೆರಳು ಒತ್ತಿ ಹಿಡಿದರೆ ಫೋಕಸ್ ಅಲ್ಲೇ ನಿಲ್ಲುತ್ತದೆ. ಆಮೇಲೆ ಬೆರಳನ್ನು ಕೆಳಗೆ ಎಳೆದು ಬೆಳಕು ತಗ್ಗಿಸಿ. ಪ್ರೊ ಮೋಡ್ ಇದ್ದರೆ ಐಎಸ್‌ಒ 100, ಶಟರ್ 1/60ರಿಂದ 1/125 ಸೆಕೆಂಡ್ ಇಟ್ಟು ಶುರು ಮಾಡಿ. ಬೆರಳು ತಾಗಿದ ಅಲುಗಾಟ ನಿಲ್ಲಲು 3 ಸೆಕೆಂಡಿನ ಟೈಮರ್ ಹಾಕಿ. ಚಿತ್ರ ತಲೆಕೆಳಗಾಗಿಯೋ ಎಡಬಲ ಅದಲುಬದಲಾಗಿಯೋ ಬಂದರೆ ಗಾಬರಿ ಬೇಡ, ಟೆಲಿಸ್ಕೋಪಿನ ಸ್ವಭಾವವೇ ಅದು. ಫೋನಿನಲ್ಲಿ ತಿರುಗಿಸಿಕೊಳ್ಳಬಹುದು.

ಗ್ರಹಗಳಿಗೆ ವಿಡಿಯೊ

ಗ್ರಹಗಳ ವಿಷಯದಲ್ಲಿ ಒಂದೇ ಫೋಟೊ ನಂಬಿ ಕೂರಬೇಡಿ. ಗಾಳಿ ಸದಾ ಕದಲುತ್ತಿರುತ್ತದೆ. ಬಿಸಿ ಹೆಂಚಿನ ಮೇಲಿನ ಗಾಳಿಯಲ್ಲಿ ಆಚೆಯ ಗೋಡೆ ನಡುಗಿದಂತೆ ಕಾಣುತ್ತದಲ್ಲ, ಹಾಗೆ. ಒಂದು ಕ್ಷಣ ಗ್ರಹ ಸ್ಪಷ್ಟ, ಮರುಕ್ಷಣ ಮಸುಕು. ಆದ್ದರಿಂದ ಒಂದು ನಿಮಿಷದ ವಿಡಿಯೊ ತೆಗೆಯಿರಿ. ಸೆಕೆಂಡಿಗೆ 30ರಂತೆ 1800 ಚಿತ್ರಗಳಾದವು. ಜೋಳ ಹಸನು ಮಾಡುವಾಗ ಕಲ್ಲು, ಹೊಟ್ಟು ತೆಗೆದು ಗಟ್ಟಿ ಕಾಳು ಉಳಿಸಿಕೊಳ್ಳುತ್ತೇವಲ್ಲ, ಅದೇ ಕೆಲಸವನ್ನು ‘ಆಟೋಸ್ಟ್ಯಾಕರ್ಟ್’ ಎಂಬ ಉಚಿತ ತಂತ್ರಾಂಶ ಮಾಡುತ್ತದೆ. ಫೋನಿನ ವಿಡಿಯೊವನ್ನು ಮೊದಲು ‘ಪಿಪ್’ ಎಂಬ ಇನ್ನೊಂದು ಉಚಿತ ತಂತ್ರಾಂಶದಲ್ಲಿ ಬದಲಿಸಿಕೊಳ್ಳಬೇಕು. 1800ರಲ್ಲಿ ಚೆನ್ನಾಗಿರುವ ಸುಮಾರು 400 ಚಿತ್ರಗಳನ್ನು ಆರಿಸಿ ಒಂದರ ಮೇಲೊಂದು ಕೂರಿಸಿದರೆ ಗುರುವಿನ ಎರಡು ಕಂದು ಪಟ್ಟೆಗಳು ಮೂಡುತ್ತವೆ. ಮಗನೋ ಮಗಳೋ ಲ್ಯಾಪ್‌ಟಾಪ್ ಮುಂದೆ ಕುಳಿತು ಇದನ್ನು ಮಾಡಿಕೊಟ್ಟಾರು.

ಗುರು ಬರೀ ಬಿಳಿ ಚೆಂಡಿನಂತೆ ಬಂದರೆ ಬೆಳಕು ಹೆಚ್ಚಾಗಿದೆ ಎಂದರ್ಥ, ತಗ್ಗಿಸಿ. ತಗ್ಗಿಸಿದರೆ ಪಕ್ಕದ ಚಂದ್ರರು ಮಾಯವಾಗುತ್ತಾರೆ. ಹೀಗಾಗಿ ಪಟ್ಟೆಗೊಂದು, ಚಂದ್ರರಿಗೊಂದು ಎಂದು ಎರಡು ಬೇರೆ ವಿಡಿಯೊ ಬೇಕು. ಈ ನಾಲ್ಕು ಚಂದ್ರರನ್ನು ಗೆಲಿಲಿಯೊ 1610ರ ಜನವರಿಯಲ್ಲಿ ನೋಡಿದ. ನೀವೂ ನಾಲ್ಕು ರಾತ್ರಿ ಒಂದೇ ಹೊತ್ತಿಗೆ ಫೋಟೊ ತೆಗೆದು ಜೋಡಿಸಿಡಿ. ಅವು ಜಾಗ ಬದಲಿಸುವುದು ನಿಮಗೇ ಗೊತ್ತಾಗುತ್ತದೆ.

ಗುರುವಿಗೆ ಒಳ್ಳೆಯ ಕಾಲ 2027ರಲ್ಲಿ ಫೆಬ್ರವರಿ, 2028ರಲ್ಲಿ ಮಾರ್ಚ್. ಶನಿಗೆ 2026 ಮತ್ತು 2027ರಲ್ಲಿ ಅಕ್ಟೋಬರ್. 2025ರ ಮಾರ್ಚ್‌ನಲ್ಲಿ ಶನಿಯ ಬಳೆ ನಮ್ಮ ಕಡೆಗೆ ಅಂಚು ತಿರುಗಿಸಿ ನೂಲಿನಷ್ಟು ತೆಳ್ಳಗಾಗಿತ್ತು. ಅಲ್ಲಿಂದ ವರ್ಷದಿಂದ ವರ್ಷಕ್ಕೆ ಅಗಲವಾಗಿ ತೆರೆದುಕೊಳ್ಳುತ್ತದೆ. ಭೂಮಿ ತಿರುಗುವುದರಿಂದ 70 ಪಟ್ಟಿನಲ್ಲಿ ಗ್ರಹ ಮೂರು ನಿಮಿಷದೊಳಗೆ ಚೌಕಟ್ಟು ದಾಟಿ ಹೋಗುತ್ತದೆ. ಆಗಾಗ ಟೆಲಿಸ್ಕೋಪು ಸರಿಸುತ್ತಿರಬೇಕು.

ಕತ್ತಲೆ ಬೇಕಾದಾಗ ತವರು

ಚಂದ್ರ, ಗ್ರಹಗಳು ಪ್ರಕಾಶಮಾನ. ಬೀದಿದೀಪ ಇದ್ದರೂ ಅಡ್ಡಿಯಿಲ್ಲ. ಆದರೆ ನೀಹಾರಿಕೆ, ನಕ್ಷತ್ರಗುಚ್ಛ, ಗೆಲಾಕ್ಸಿಗಳ ಬೆಳಕು ಬಲು ಕ್ಷೀಣ. ಮದುವೆ ಚಪ್ಪರದ ಫ್ಲಡ್‌ಲೈಟ್ ಎದುರು ಹಣತೆ ಇಟ್ಟ ಹಾಗೆ ನಗರದ ಆಕಾಶದಲ್ಲಿ ಅವು ಮುಳುಗಿಹೋಗುತ್ತವೆ. ಎಷ್ಟು ದುಡ್ಡು ಸುರಿದರೂ ನಗರದಲ್ಲಿ ಈ ಕತ್ತಲೆ ಸಿಗುವುದಿಲ್ಲ. ಸಿಗುವುದು ನಮ್ಮ ನಮ್ಮ ಊರುಗಳಲ್ಲಿ.

ನನ್ನ ತವರು ಕೊಪ್ಪಳ ತಾಲ್ಲೂಕಿನ ಇರಕಲ್ಲಗಡ. ಸಂಕ್ರಾಂತಿ ಆಸುಪಾಸಿನ ಅಮಾವಾಸ್ಯೆಗೆ ಅಲ್ಲಿ ಮಾಳಿಗೆ ಹತ್ತಿದರೆ ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರೆ ಸಾಲಾಗಿ ನೆತ್ತಿಯ ಕಡೆ ಏರುತ್ತವೆ. ‘ಚಂದಪ್ಪನೂ ಇಲ್ಲ, ಈ ಚಳ್ಯಾಗ ಮಾಳಿಗಿ ಮ್ಯಾಲ ಏನ್ ನೋಡ್ತಿಯವ್ವಾ?’ ಅನ್ನುತ್ತಲೇ ಅವ್ವನೂ ಕಂಬಳಿ ಹೊದ್ದು ಮೇಲೆ ಬರುತ್ತಾಳೆ. ರೋಹಿಣಿ ಮಳೆ, ಮಿರಗದ ಮಳೆ ಅಂತ ಬಿತ್ತನೆಯ ಲೆಕ್ಕ ಹೇಳುವ ಅವಳಿಗೆ ಆ ಚುಕ್ಕಿಗಳನ್ನೇ ತೋರಿಸಬಹುದು. ಮಳೆಯ ದಿನಗಳಲ್ಲಿ ಸೂರ್ಯ ಆ ನಕ್ಷತ್ರದ ಬಳಿಯೇ ಇರುವುದರಿಂದ ಅವು ಕಾಣುವುದಿಲ್ಲ; ರಾತ್ರಿಯಿಡೀ ಕಾಣುವುದು ಚಳಿಗಾಲದಲ್ಲಿ.

ಇಲ್ಲಿ ಮೊದಲ ಗುರಿ ಮಹಾವ್ಯಾಧನ ನೀಹಾರಿಕೆ. ಸಾಲಾಗಿ ನಿಂತ ಮೂರು ನಕ್ಷತ್ರಗಳ ಕೆಳಗೆ ಮಂಜಿನಂತೆ ಕಾಣುವ ಇದು ಸುಮಾರು 1300 ಬೆಳಕಿನ ವರ್ಷ ದೂರ. ಅಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತಿವೆ. 25 ಮಿ.ಮೀ. ಐಪೀಸ್ ಹಾಕಿ, ಐಎಸ್‌ಒ 1600, ಅರ್ಧದಿಂದ 1 ಸೆಕೆಂಡಿನ ನೂರಾರು ಫೋಟೊ ತೆಗೆದು, ‘ಡೀಪ್ ಸ್ಕೈ ಸ್ಟ್ಯಾಕರ್’ ಎಂಬ ಉಚಿತ ತಂತ್ರಾಂಶದಲ್ಲಿ ಜೋಡಿಸಿ. ಹೆಚ್ಚು ಸೆಕೆಂಡ್ ಬಿಟ್ಟರೆ ನಕ್ಷತ್ರಗಳು ಗೆರೆಯಾಗುತ್ತವೆ. ನಿಮಿಷಗಟ್ಟಲೆ ತೆಗೆಯಬೇಕೆಂದರೆ ಆಕಾಶದ ಜೊತೆ ತಿರುಗುವ ಮೋಟಾರ್ ಸ್ಟ್ಯಾಂಡ್ ಬೇಕು. ತಾನೇ ಗುರಿ ಹುಡುಕಿ, ತಾನೇ ಚಿತ್ರ ಜೋಡಿಸುವ ಸ್ಮಾರ್ಟ್ ಟೆಲಿಸ್ಕೋಪುಗಳೂ ಬಂದಿವೆ. ಆದರೆ ಅವಸರ ಬೇಡ, ವರ್ಷವಾದರೂ ಚಂದ್ರನ ಮೇಲೆ ಕೈ ಪಳಗಲಿ.

ಕೃತ್ತಿಕೆಗೆ ಟೆಲಿಸ್ಕೋಪೂ ಬೇಡ. ಫೋನನ್ನು ಟ್ರೈಪಾಡಿನ ಮೇಲಿಟ್ಟು 10ರಿಂದ 15 ಸೆಕೆಂಡ್ ಬಿಟ್ಟರೆ ಸಾಕು. ಏಪ್ರಿಲ್-ಮೇ ರಜೆಗೆ ಹೋದಾಗ ದಕ್ಷಿಣ ದಿಕ್ಕಿನಲ್ಲಿ ಸುಮಾರು 1 ಕೋಟಿ ನಕ್ಷತ್ರಗಳ ಗುಚ್ಛ ಒಮೆಗಾ ಸೆಂಟಾರಿ ಹುಡುಕಿ. ಇಂಗ್ಲೆಂಡಿನ ಕ್ಯಾರೊಲಿನ್‌ಗೆ ದಿಗಂತದ ಕೆಳಗೇ ಉಳಿದಿದ್ದ ಇದು ನಮ್ಮ ಭಾಗ್ಯಕ್ಕೆ ಇಲ್ಲಿ ಕಾಣುತ್ತದೆ!

ಈ ಕತ್ತಲೆಯೂ ಶಾಶ್ವತವಲ್ಲ. ಊರೂರಿಗೆ ಹೈಮಾಸ್ಟ್ ದೀಪ ಬರುತ್ತಿವೆ, ಕೊಪ್ಪಳ-ಗಿಣಿಗೇರಿ ಕಡೆ ಕಾರ್ಖಾನೆಗಳ ಬೆಳಕಿದೆ. ದೀಪ ಬೇಡ ಎನ್ನಲಾಗದು. ಹೆಣ್ಣುಮಕ್ಕಳು ಓಡಾಡುವ ದಾರಿಗೆ ಬೆಳಕು ಬೇಕೇ ಬೇಕು. ಆದರೆ ದೀಪಕ್ಕೆ ಮೇಲೊಂದು ಮುಚ್ಚಳವಿದ್ದರೆ ಬೆಳಕು ದಾರಿಗೆ ಬೀಳುತ್ತದೆ, ಆಕಾಶವೂ ಉಳಿಯುತ್ತದೆ. ನಮ್ಮ ಮನೆಯಂಗಳದ ದೀಪದಿಂದಲೇ ಇದನ್ನು ಶುರು ಮಾಡಬಹುದು.

ಗ್ರಹಣಕ್ಕೆ ಬಾಗಿಲು ಹಾಕಬೇಡಿ

1980ರ ಫೆಬ್ರವರಿ 16ರ ಖಗ್ರಾಸ ಸೂರ್ಯಗ್ರಹಣ ಹಾದುಹೋದದ್ದು ನಮ್ಮ ಈ ಭಾಗದ ಮೇಲೆಯೇ. ಆಗ ಕೊಪ್ಪಳ ರಾಯಚೂರು ಜಿಲ್ಲೆಯಲ್ಲಿತ್ತು. ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಅದೇ ಜಿಲ್ಲೆಯ ಜವಳಗೇರಾಕ್ಕೆ ಉಪಕರಣ ಹೊತ್ತು ಬಂದಿದ್ದರು. ಊರಿನ ಹೆಂಗಸರು ಮಾತ್ರ ಬಾಗಿಲು ಹಾಕಿಕೊಂಡು ಒಳಗೇ ಕುಳಿತಿದ್ದರು ಎಂದು ಹಿರಿಯರು ಹೇಳುತ್ತಾರೆ. ಮತ್ತೆ ಹಾಗಾಗುವುದು ಬೇಡ. ಚಂದ್ರಗ್ರಹಣವನ್ನು ಬರಿಗಣ್ಣಿನಿಂದ, ಟೆಲಿಸ್ಕೋಪಿನಿಂದ ಹೇಗೆ ನೋಡಿದರೂ ಅಪಾಯವಿಲ್ಲ; ಬಸುರಿಯರಿಗೂ ಇಲ್ಲ. 2028ರ ಡಿಸೆಂಬರ್ 31ರ ರಾತ್ರಿ ಪೂರ್ಣ ಚಂದ್ರಗ್ರಹಣ ನಮಗೆ ಕಾಣಲಿದೆ. ಹೊಸ ವರ್ಷದ ಕೇಕಿನ ಜೊತೆ ಕೆಂಪು ಚಂದ್ರನ ಫೋಟೊ!

ಇವಿಷ್ಟು ನೆನಪಿರಲಿ

* ಟೆಲಿಸ್ಕೋಪಿನಲ್ಲಿ ಸೂರ್ಯನನ್ನು ಎಂದೂ ನೋಡಬೇಡಿ, ಕ್ಷಣಮಾತ್ರದಲ್ಲಿ ಕಣ್ಣು ಹೋಗುತ್ತದೆ. ಐಪೀಸಿಗೆ ಹಾಕುವ ಸಣ್ಣ ‘ಸೂರ್ಯ ಫಿಲ್ಟರ್’ ಬಿಸಿಗೆ ಸೀಳಬಹುದು, ಎಸೆದುಬಿಡಿ. ಎಕ್ಸ್-ರೇ ಫಿಲ್ಮ್, ಮಸಿ ಹಚ್ಚಿದ ಗಾಜು ಬೇಡವೇ ಬೇಡ. ಹಗಲಲ್ಲಿ ಟೆಲಿಸ್ಕೋಪನ್ನು ಮಕ್ಕಳ ಕೈಗೆ ಸಿಗದಂತೆ ಮುಚ್ಚಿಡಿ.
* ಮಸೂರವನ್ನು ಸೆರಗಿನಿಂದ ಒರೆಸಬೇಡಿ, ಗೀರು ಬೀಳುತ್ತದೆ. ರಬ್ಬರ್ ಬ್ಲೋವರಿನಿಂದ ಧೂಳು ಊದಿ.
* ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಎತ್ತಿಡಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ.
* ಅರ್ಧ ಗಂಟೆ ಮೊದಲೇ ಹೊರಗಿಡಿ, ಆರಲಿ. ಹಗಲೆಲ್ಲಾ ಕಾದ ತಾರಸಿ ರಾತ್ರಿ ಬಿಸಿ ಬಿಡುತ್ತಿದ್ದರೆ ಚಿತ್ರ ಕದಲುತ್ತದೆ, ತಡರಾತ್ರಿ ಉತ್ತಮ.
* ಕತ್ತಲಿಗೆ ಕಣ್ಣು ಹೊಂದಲು 20-30 ನಿಮಿಷ ಬೇಕು. ಟಾರ್ಚಿಗೆ ಕೆಂಪು ಬಟ್ಟೆ ಕಟ್ಟಿಕೊಳ್ಳಿ.
* ಕೈಪಿಡಿ ಗೋಡೆ ಇಲ್ಲದ ಮಾಳಿಗೆಯಲ್ಲಿ ಒಬ್ಬರೇ ನಿಲ್ಲಬೇಡಿ.

ಕೊಳ್ಳುವ ಮುನ್ನ ಒಮ್ಮೆ ಕಣ್ಣಿಟ್ಟು ನೋಡುವ ಆಸೆಯೇ? ಬೆಂಗಳೂರಿನ ನೆಹರೂ ತಾರಾಲಯ, ಮಂಗಳೂರು ಪಿಲಿಕುಳದ ತಾರಾಲಯ, ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರದಲ್ಲಿ ಆಕಾಶ ವೀಕ್ಷಣೆ ಯಾವಾಗ ಎಂದು ವಿಚಾರಿಸಿ.

ಮುಂದಿನ ಶುಕ್ಲಪಕ್ಷದ ಅಷ್ಟಮಿ ಯಾವತ್ತು? ಈಗಲೇ ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕಿಡಿ. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನದ ಪಕ್ಕದಲ್ಲಿ ನಿಮಗಾಗಿಯೇ ಒಂದು ದಿನವೂ ಇರಲಿ.