ಹೃದಯ ಬೆಚ್ಚಗೆ, ಹೊಟ್ಟೆ ತಣ್ಣಗೆ

ಕಾಲೇಜಿನಲ್ಲಿ ಪ್ಲೇಸ್‌ಮೆಂಟ್ ಟ್ರೇನಿಂಗ್ ಶುರುವಾದಾಗಿನಿಂದ ತಲೆ ತುಂಬ ಇಂಗ್ಲಿಷ್ ನುಡಿಗಟ್ಟುಗಳೇ. ಅವುಗಳಲ್ಲಿ ಒಂದು ‘ವಾರ್ಮ್ ದ ಕಾಕಲ್ಸ್ ಆಫ್ ದ ಹಾರ್ಟ್’. ಯಾರದೋ ಒಳ್ಳೆಯತನ ಕಂಡಾಗ ಎದೆಯಾಳದಲ್ಲಿ ಆಗುವ ಸಂತೋಷಕ್ಕೆ ಹೇಳುವ ಮಾತು. ಅರ್ಥವೇನೋ ಬಾಯಿಪಾಠವಾಯಿತು. ಆದರೆ ಈ ಕಾಕಲ್ ಅಂದರೇನು?

ಡಿಕ್ಷನರಿ ತೆಗೆದರೆ ಅದು ಸಮುದ್ರದ ಚಿಪ್ಪುಜೀವಿ! ನಮ್ಮ ಆಲೂರು ಕಡೆಯಿಂದ ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದರೆ ಮಂಗಳೂರಿನ ಹೋಟೆಲುಗಳಲ್ಲಿ ಮರುವಾಯಿ ಸುಕ್ಕ ಸಿಗುತ್ತದಲ್ಲ, ಹೆಚ್ಚೂಕಡಿಮೆ ಅಂಥದ್ದೇ. ಅದಕ್ಕೂ ಹೃದಯಕ್ಕೂ ಏನು ನಂಟು? ಜೋಡಿ ಚಿಪ್ಪನ್ನು ಪಕ್ಕದಿಂದ ನೋಡಿದರೆ ಹೃದಯದ ಆಕಾರ ಕಾಣುತ್ತದೆ ಎನ್ನುವವರಿದ್ದಾರೆ. ವಿಜ್ಞಾನಿಗಳು ಅದಕ್ಕಿಟ್ಟ ‘ಕಾರ್ಡಿಯಂ’ ಎಂಬ ಹೆಸರೂ ಗ್ರೀಕ್ ಭಾಷೆಯಲ್ಲಿ ಹೃದಯ ಎಂಬರ್ಥದ ಪದದಿಂದಲೇ ಬಂದದ್ದು. ಇನ್ನೊಂದು ವಾದ ಲ್ಯಾಟಿನ್ನಿನದು. ಹೃದಯದ ಕೋಣೆಗಳಿಗೆ ‘ಕಾಕ್ಲಿಯೆ ಕಾರ್ಡಿಸ್’ ಎಂಬ ಹೆಸರಿತ್ತು, ವೈದ್ಯರ ಆ ಮಾತು ಜನರ ಬಾಯಲ್ಲಿ ಕಾಕಲ್ ಆಯಿತು ಎನ್ನುತ್ತಾರೆ. ಕಾಕ್ಲಿಯ ಎಂದರೆ ಬಸವನಹುಳು. ರಿಚರ್ಡ್ ಲೋವರ್ ಎಂಬ ಇಂಗ್ಲಿಷ್ ವೈದ್ಯ ಹೃದಯದ ಬಗ್ಗೆ ಲ್ಯಾಟಿನ್‌ನಲ್ಲಿ ಪುಸ್ತಕ ಬರೆದದ್ದು 1669ರಲ್ಲಿ. ಈ ನುಡಿಗಟ್ಟು ಬರಹದಲ್ಲಿ ಕಾಣಿಸಿದ್ದು 1671ರಲ್ಲಿ. ಎರಡೇ ವರ್ಷದ ಅಂತರ ನೋಡಿ ನನ್ನ ಓಟು ಲ್ಯಾಟಿನ್ನಿಗೇ. ಇನ್ನೂ ತಮಾಷೆಯೆಂದರೆ, ಆಗ ಕಾಕಲ್‌ಗಳು ಬರೀ ಹಿಗ್ಗುತ್ತಿದ್ದವು, ಬೆಚ್ಚಗಾಗಿದ್ದು ಆಮೇಲೆ.

ನನಗೆ ಚಿಪ್ಪಿಗಿಂತ ಹೆಚ್ಚು ತಲೆ ಕೆಡಿಸಿದ್ದು ಈ ‘ಬೆಚ್ಚಗೆ’. ಚಳಿ ದೇಶದವರಿಗೆ ಬೆಚ್ಚಗಿದ್ದರೆ ಸುಖ, ನಮ್ಮಂಥ ಬಿಸಿಲಿನ ದೇಶದವರಿಗೆ ತಂಪಾಗಿದ್ದರೆ ಸುಖ, ಅದಕ್ಕೇ ನಾವು ‘ಹೊಟ್ಟೆ ತಣ್ಣಗಿರಲಿ’ ಅಂತೀವಿ ಎಂದು ಗೆಳೆಯನೊಬ್ಬ ತೀರ್ಪು ಕೊಟ್ಟ. ಅವನು ಬಳ್ಳಾರಿಯವನು, ಹಾಗನ್ನಿಸುವುದು ಸಹಜ. ಆದರೆ ಜುಲೈನಲ್ಲಿ ನಮ್ಮೂರಿಗೆ ಬಂದು ನೋಡಲಿ. ಬಚ್ಚಲ ಒಲೆ ಆರುವುದೇ ಇಲ್ಲ, ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ, ಕಂಬಳಿಯೇ ತೇವ. ಸರ್ವಜ್ಞ ಕೂಡ ಸುಖದ ಪಟ್ಟಿಯಲ್ಲಿ ಮೊದಲು ಇಟ್ಟದ್ದು ಬೆಚ್ಚಗಿನ ಮನೆಯನ್ನೇ. ಅವನೇನು ಇಂಗ್ಲೆಂಡಿನವನಲ್ಲ.

ಹೋದ ಮಳೆಗಾಲದಲ್ಲಿ ಸಿಲ್ವರ್ ಮರವೊಂದು ಲೈನಿನ ಮೇಲೆ ಬಿದ್ದು ನಾಲ್ಕು ದಿನ ಕರೆಂಟ್ ಇರಲಿಲ್ಲ. ಐದನೇ ದಿನ ಇಬ್ಬರು ಲೈನ್‌ಮನ್‌ಗಳು ಬಂದು, ಸುರಿಯುವ ಮಳೆಯಲ್ಲೇ ಕೊಂಬೆ ಕಡಿದು ತಂತಿ ಎಳೆದರು. ಅಜ್ಜಿ ಅವರನ್ನು ಒಲೆ ಮುಂದೆ ಕೂರಿಸಿ ಅಕ್ಕಿ ರೊಟ್ಟಿ, ಸುಡುಸುಡು ಕಾಫಿ ಕೊಟ್ಟಳು. ಹಿರಿಯಾತನ ಕೈ ಚಳಿಗೆ ನಡುಗುತ್ತಿತ್ತು. ಲೋಟ ಕೆಳಗಿಟ್ಟು ಅವರು ಅಂದದ್ದು: “ಅಮ್ಮಾ, ನಿಮ್ಮ ಹೊಟ್ಟೆ ತಣ್ಣಗಿರ್ಲಿ.”

ಒದ್ದೆಯಾಗಿ ನಡುಗುತ್ತಿರುವ ಮನುಷ್ಯ ಇನ್ನೊಬ್ಬರಿಗೆ ತಂಪು ಹಾರೈಸುತ್ತಾನೆ ಎಂದರೆ ಆ ತಂಪು ಹವಾಮಾನದ್ದಲ್ಲ. ಹಸಿದರೆ ಹೊಟ್ಟೆ ಚುರುಗುಟ್ಟುತ್ತದೆ. ಕಂಡವರ ಏಳಿಗೆ ಸಹಿಸದಿದ್ದರೆ ಹೊಟ್ಟೆಕಿಚ್ಚು. ಮಕ್ಕಳನ್ನು ಕಳೆದುಕೊಂಡ ತಾಯಿಯದು ಹೊಟ್ಟೆ ಉರಿ. ಕನ್ನಡದಲ್ಲಿ ಬೆಂಕಿ ಮೊದಲೇ ಒಳಗೆ ಉರಿಯುತ್ತಿರುತ್ತದೆ, ಅದು ಆರಲಿ ಎನ್ನುವುದೇ ಹಾರೈಕೆ. ಇಂಗ್ಲಿಷಿನವರಿಗೆ ಒಳಗೆ ಚಳಿ, ಅದಕ್ಕೆ ಅವರು ಬೆಂಕಿ ಕೇಳುತ್ತಾರೆ. ಗೆಳೆಯನ ಲೆಕ್ಕ ತಪ್ಪಿದ್ದು ಇಲ್ಲೇ ಅನ್ನಿಸುತ್ತದೆ.

ಹೆಂಗಸರಿಗೆ ಈ ಮಾತು ಹೇಳಿದರೆ ನಿನ್ನ ಹೊಟ್ಟೆಯಲ್ಲಿ ಹುಟ್ಟಿದವರು ಚೆನ್ನಾಗಿರಲಿ ಎಂಬ ಅರ್ಥವೂ ಇದೆ. ಆ ಲೈನ್‌ಮನ್‌ಗೆ ನಮ್ಮ ಮನೆಯ ವಿಷಯ ಗೊತ್ತಿರಲಿಲ್ಲ. ನನ್ನ ಚಿಕ್ಕಪ್ಪ ಇಪ್ಪತ್ತೆರಡಕ್ಕೇ ಹೋದವರು. ನಾನು ನೋಡಿದ್ದು ಫೋಟೊದಲ್ಲಿ ಮಾತ್ರ. ಅಜ್ಜಿ ಅವರ ಹೆಸರೆತ್ತುವುದು ಕಡಿಮೆ.

ಅಂದು ಅಜ್ಜಿ ತುಸು ಹೊತ್ತು ಒಲೆಯನ್ನೇ ನೋಡುತ್ತಾ ಕೂತಳು. ಆಮೇಲೆ ಸೌದೆ ಮುಂದಕ್ಕೆ ನೂಕಿ, “ನಿನ್ ಮಕ್ಕಳು ಚೆನ್ನಾಗಿರ್ಲಿ ಕಣಪ್ಪಾ. ಇನ್ನೊಂದ್ ರೊಟ್ಟಿ ಹಾಕ್ತೀನಿ, ತಟ್ಟೆ ಹಿಡಿ” ಅಂದಳು.