ಕ-ಭಾಷೆಗೂ ಊರಿನ ಸೊಗಡು

ದೊಡ್ಡವರಿಗೆ ತಿಳಿಯದಂತೆ ಮಾತಾಡಲು ಕನ್ನಡ ಮಕ್ಕಳು ಕಟ್ಟಿಕೊಂಡಿರುವ ನುಡಿ ಕ-ಭಾಷೆ. ಅದರ ವ್ಯಾಕರಣವೆಲ್ಲ ಒಂದೇ ನಿಯಮ: ಪ್ರತಿ ಅಕ್ಷರಕ್ಕೂ ಮೊದಲು ‘ಕ’ ಸೇರಿಸಬೇಕು. ‘ನೀನು ಬಾ’ ಎಂಬುದು ‘ಕನೀಕನು ಕಬಾ’ ಆಗುತ್ತದೆ. ವೇಗವಾಗಿ ಆಡಿದರೆ ಅಭ್ಯಾಸವಿಲ್ಲದ ಕಿವಿಗೆ ತಲೆಬುಡ ಹತ್ತುವುದಿಲ್ಲ.

ಕ-ಭಾಷೆಗೆ ತನ್ನದೇ ಪದಕೋಶವಿಲ್ಲ. ಮನೆಮಾತೇ ಅದರ ಬಂಡವಾಳ. ಆದ್ದರಿಂದ ಮನೆಮಾತು ಬದಲಾದಂತೆ ಅದೂ ಬದಲಾಗುತ್ತದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಹಳ್ಳಿಮಾತಿನಲ್ಲಿ ಪದದ ಮೊದಲ ಹಕಾರ ಬಿದ್ದುಹೋಗುವುದು ಸಾಮಾನ್ಯ: ‘ಹಾಲು’ ಅಲ್ಲಿ ‘ಆಲು’. ‘ಬಿಡು’ ಎಂಬುದು ‘ಬುಡು’, ‘ಬರ್ತೀನಿ’ ಎಂಬುದು ‘ಬತ್ತೀನಿ’. ಪುಸ್ತಕದ ಕನ್ನಡದಿಂದ ಹುಟ್ಟುವ ‘ಕಹಾಕಲು’ ಈ ಮಾತಿನಲ್ಲಿ ‘ಕಆಕಲು’ ಆಗುತ್ತದೆ; ‘ಕಬಿಕಡು’ ಎಂಬುದು ‘ಕಬುಕಡು’. ಧಾರವಾಡದ ಕಡೆ ‘ಮನೆ’ಯನ್ನು ‘ಮನಿ’ ಎನ್ನುವುದರಿಂದ ಪುಸ್ತಕದ ಕನ್ನಡದ ‘ಕಮಕನೆ’ ಅಲ್ಲಿ ‘ಕಮಕನಿ’. ನಿಯಮ ಒಂದೇ ಆದರೂ ಉಪಭಾಷೆ ಬೇರೆ.

ಒತ್ತಕ್ಷರ ಬಂದಾಗ ಇನ್ನೊಂದು ಬಗೆಯ ವ್ಯತ್ಯಾಸಕ್ಕೆ ಎಡೆಯಿದೆ. ‘ಬತ್ತೀನಿ’ಯನ್ನು ಬರವಣಿಗೆಯಂತೆ ಬ-ತ್ತೀ-ನಿ ಎಂದು ಒಡೆದರೆ ‘ಕಬಕತ್ತೀಕನಿ’ ಸಿಗುತ್ತದೆ. ಉಚ್ಚಾರಣೆಯಂತೆ ಬತ್-ತೀ-ನಿ ಎಂದು ಒಡೆದರೆ ‘ಕಬತ್ಕತೀಕನಿ’. ಕನ್ನಡ ಛಂದಸ್ಸು ಈ ಎರಡನೆಯ ವಿಂಗಡಣೆಯನ್ನು ಬಲ್ಲದು: ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುವುದು, ಒತ್ತಿನ ಮೊದಲ ವ್ಯಂಜನ ಆ ಅಕ್ಷರದ ಜೊತೆ ಸೇರಿ ಉಚ್ಚಾರವಾಗುವುದರಿಂದಲೇ. ಹೀಗೆ ‘ಕ’ ಬೀಳುವ ಜಾಗ ನೋಡಿದರೆ, ಮಾತಾಡುವವರ ಮನಸ್ಸು ಪದವನ್ನು ಎಲ್ಲಿ ತುಂಡರಿಸುತ್ತದೆ ಎಂಬುದು ಹೊರಗೆ ಕಾಣುತ್ತದೆ.

ಇಂಥ ಆಟದ ನುಡಿಗಳು ಲೋಕದ ಅನೇಕ ಭಾಷೆಗಳಲ್ಲಿವೆ. ಫ್ರೆಂಚರ ‘ವೆರ್ಲಾನ್’ ಉಚ್ಚಾರಾಂಶಗಳನ್ನು ಹಿಂದುಮುಂದು ಮಾಡುತ್ತದೆ. ಪನಾಮದ ಕೂನಾ ಜನರ ಒಂದು ಆಟದಲ್ಲಿ ಮೊದಲ ಉಚ್ಚಾರಾಂಶ ಪದದ ಕೊನೆಗೆ ಹೋಗುತ್ತದೆ. ಅದರ ಬಗ್ಗೆ 1970ರಲ್ಲಿ ಬರೆದ ಭಾಷಾವಿಜ್ಞಾನಿ ಜೋಯೆಲ್ ಶೆರ್ಜರ್, ಒಂದೇ ಪದವನ್ನು ಬೇರೆಬೇರೆಯವರು ಬೇರೆಬೇರೆಯಾಗಿ ಒಡೆಯುವುದನ್ನು ತೋರಿಸಿದರು. ವ್ಯಾಕರಣ ಬರೆಯುವವರು ಊಹಿಸುವ ಧ್ವನಿರಚನೆ ಮಾತಾಡುವವರ ಮನಸ್ಸಿನಲ್ಲಿ ನಿಜಕ್ಕೂ ಇದೆಯೇ ಎಂದು ಪರೀಕ್ಷಿಸಲು ಇದೊಂದು ದಾರಿಯಾಯಿತು.

ಕ-ಭಾಷೆಗೂ ಇದೇ ಬೆಲೆಯಿದೆ. ಮಕ್ಕಳ ಆಟವೆಂದು ಬದಿಗಿಡದೆ ಊರೂರಿನ ರೂಪಗಳನ್ನು ಧ್ವನಿಮುದ್ರಿಸಿಕೊಂಡರೆ, ಹಳ್ಳಿಮಾತಿನ ಉಚ್ಚಾರಣೆಯೂ ಅದರ ಒಳಗಿನ ಕಟ್ಟೂ ಒಟ್ಟಿಗೆ ದಾಖಲಾಗುತ್ತವೆ. ಅಕ್ಷರ ಕಲಿಯದ ಮಗು ಮತ್ತು ಕಲಿತ ಮಗು ಒತ್ತಕ್ಷರವನ್ನು ಒಡೆಯುವ ರೀತಿಯನ್ನು ಹೋಲಿಸಿದರೆ, ಲಿಪಿಯ ಕಲಿಕೆ ಮಾತಿನ ಅರಿವನ್ನು ಎಷ್ಟು ಬದಲಿಸುತ್ತದೆ ಎಂಬುದನ್ನೂ ಅಳೆಯಬಹುದು.