ಬೇಸಿಗೆಯ ಕೊನೆಯಲ್ಲಿ ಮನೆಯ ಸುತ್ತ ಗಮನಿಸಬೇಕಾದ ಸಂಗತಿಗಳು



ಭರಣಿ ಮುಗಿದು ಕೃತ್ತಿಕೆ ಹುಟ್ಟುವ ಹೊತ್ತಿಗೆ ನಮ್ಮ ಬಯಲುಸೀಮೆಯ ಹಳ್ಳಿಗಳಲ್ಲಿ ಹೊಲದ ಕೆಲಸ ಸ್ವಲ್ಪ ಕಡಿಮೆ. ತಿಪ್ಪೆಯ ಗೊಬ್ಬರ ಹೊಲ ಸೇರಿರುತ್ತದೆ, ಕುಂಟೆ ಕೂರಿಗೆಗಳ ರಿಪೇರಿ ನಡೆದಿರುತ್ತದೆ. ಸಂಜೆಯಾದರೆ ಜಗಲಿಯ ಮೇಲೆ ಕುಳಿತು ಮುಗಿಲು ನೋಡುವುದೇ ಒಂದು ಕೆಲಸ. ಇದನ್ನು ಕಾಲಹರಣವೆಂದು ತಿಳಿಯಬೇಡಿ. ಮೇ ತಿಂಗಳ ಎರಡನೆಯ ವಾರದಿಂದ ಜೂನ್ ಮೊದಲ ವಾರದವರೆಗೆ ಮನೆಯ ಸುತ್ತಮುತ್ತ ಕಾಣುವ ಗಾಳಿ, ಮೋಡ, ಹುಳುಹುಪ್ಪಟೆ ಮತ್ತು ಹಕ್ಕಿಗಳನ್ನು ಸರಿಯಾಗಿ ಗಮನಿಸಿದವರಿಗೆ ಮುಂಗಾರು ಬೆಳೆಯ ಬಗ್ಗೆ ಬಹಳಷ್ಟು ವಿಷಯ ಮೊದಲೇ ತಿಳಿಯುತ್ತದೆ. ಆದರೆ ಕಂಡದ್ದಕ್ಕೆ ಅರ್ಥ ಹಚ್ಚುವಲ್ಲಿ ನಮ್ಮಲ್ಲಿ ಅನೇಕರು ಒಂದು ತಪ್ಪು ಮಾಡುತ್ತಾರೆ. ನಮ್ಮ ಮನೆಯಲ್ಲಿಯೂ ಆ ತಪ್ಪು ನಡೆದಿತ್ತು.

ನಾನು ಆಗ ಹೈಸ್ಕೂಲಿನಲ್ಲಿದ್ದೆ. ನಮ್ಮದು ಪಾವಗಡದ ಕಡೆಯ ಕೆಂಪು ಮಣ್ಣಿನ ಹೊಲ. ಆ ವರ್ಷ ರೋಹಿಣಿ ಮಳೆ ಒಂದೇ ಸಂಜೆಯಲ್ಲಿ ಚೆನ್ನಾಗಿ ಸುರಿಯಿತು. ಕೃತ್ತಿಕೆಯಲ್ಲಿ ಹಾಕಿದ್ದ ಅಲಸಂದೆ ಆಗಲೇ ನಾಲ್ಕಾರು ಎಲೆ ಬಿಟ್ಟಿತ್ತು. ಮೂರನೆಯ ದಿನ ಅಪ್ಪ ನೆಲಗಡಲೆ ಬಿತ್ತಿದರು. ಮಳೆ ಬಂದ ಮರುರಾತ್ರಿ ಪಡಸಾಲೆಯ ದೀಪಕ್ಕೆ ಬಿಳಿಯ ಪತಂಗಗಳು ಮುತ್ತಿಕೊಂಡವು. ಊಟದ ತಟ್ಟೆಗೆ ಬೀಳುತ್ತವೆಂದು ಅಜ್ಜಿ ದೀಪ ಸಣ್ಣದು ಮಾಡಿ ಅರೆಗತ್ತಲಲ್ಲೇ ಬಡಿಸಿದರು. "ಮಳೆಹುಳ ಬಂದವೆ, ಇನ್ನೂ ಮಳೆ ಐತೆ ಬಿಡಪ್ಪ" ಎಂದರು. ಅಪ್ಪನಿಗೂ ಸಮಾಧಾನವಾಯಿತು. ಮುಂದೆ ಹದಿನೈದು ದಿನ ಮಳೆ ಬರಲಿಲ್ಲ. ಬಂದದ್ದು ಕಂಬಳಿಹುಳು. ಅಲಸಂದೆಯ ಸಾಲುಗಳಲ್ಲಿ ದಂಟು ಮಾತ್ರ ಉಳಿಯಿತು. ಅಲ್ಲಿಂದ ಹುಳುಗಳು ದಂಡುಕಟ್ಟಿ ಎಳೆಯ ನೆಲಗಡಲೆಗೆ ದಾಟಿದವು. ಆ ವರ್ಷ ಎತ್ತಿನ ಜೋಡಿಯನ್ನು ಮಾರಿ ಬೀಜದ ಸಾಲ ತೀರಿಸಿದೆವು.

ದೀಪಕ್ಕೆ ಬಂದ ಪತಂಗವನ್ನು ಮನೆಯವರೆಲ್ಲ ನೋಡಿದ್ದೆವು. ಅದು ಮುಂದೆ ಬರುವ ಮಳೆಯನ್ನು ಹೇಳುತ್ತಿದೆ ಎಂದುಕೊಂಡೆವು. ನಿಜವಾಗಿ ಅದು ಹೇಳುತ್ತಿದ್ದುದು ಆಗಲೇ ಬಿದ್ದ ಮಳೆಯ ಸಂಗತಿಯನ್ನು. ಬೇಸಿಗೆಯ ಕೊನೆಯಲ್ಲಿ ನೆಲದಿಂದ ಹೊರಬರುವ ಬಹುಪಾಲು ಜೀವಿಗಳ ವಿಷಯ ಹೀಗೆಯೇ. ಮಣ್ಣು ಎಷ್ಟು ಆಳಕ್ಕೆ ನೆನೆದಿದೆ ಎಂಬುದನ್ನು ಅವು ತಿಳಿಸುತ್ತವೆ, ಮುಂದಿನ ವಾರದ ಆಕಾಶವನ್ನಲ್ಲ.

ದೀಪಕ್ಕೆ ಬರುವ ಬಿಳಿ ಪತಂಗ

ನೆಲಗಡಲೆ ಬೆಳೆಯುವ ಪಾವಗಡ, ಚಳ್ಳಕೆರೆ ಸೀಮೆಯ ರೈತರಿಗೆ ಕೆಂಪು ತಲೆಯ ಕಂಬಳಿಹುಳುವಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಆದರೆ ಅದರ ತಾಯಿಯನ್ನು ಗುರುತಿಸುವವರು ಕಡಿಮೆ. ಪತಂಗದ ಮುಂದಿನ ರೆಕ್ಕೆ ಬಿಳುಪು, ಅದರ ಮೇಲೆ ಕಂದು ಗೀರುಗಳಿರುತ್ತವೆ, ಮುಂಭಾಗದ ಅಂಚಿನಲ್ಲಿ ಹಳದಿ ಪಟ್ಟಿಯಿರುತ್ತದೆ. ಹಿಂದಿನ ಬಿಳಿ ರೆಕ್ಕೆಗಳಲ್ಲಿ ಕಪ್ಪು ಚುಕ್ಕೆಗಳಿರುತ್ತವೆ. ಹಿಂದಿನ ವರ್ಷ ಬೆಳೆ ತಿಂದು ಬಲಿತ ಹುಳು ಮಣ್ಣಿನೊಳಗೆ ಸುಮಾರು 10ರಿಂದ 20 ಸೆಂ.ಮೀ. ಆಳಕ್ಕೆ ಇಳಿದು ಕೋಶವಾಗಿ ಹೆಚ್ಚುಕಡಿಮೆ ಹತ್ತು ತಿಂಗಳು ನಿದ್ರಿಸುತ್ತದೆ. ಬದುಗಳ ಮಗ್ಗುಲು, ಮರದ ನೆರಳು ಅದಕ್ಕೆ ಇಷ್ಟ. ತುಂತುರು ಮಳೆಗೆ ಅದು ಏಳುವುದಿಲ್ಲ. ಆ ಆಳದವರೆಗೆ ನೀರು ಇಳಿಯುವಂಥ ಭಾರಿ ಮಳೆ ಬಿದ್ದಾಗ ಒಂದೆರಡು ರಾತ್ರಿಗಳಲ್ಲಿ ಗುಂಪುಗುಂಪಾಗಿ ಹೊರಬರುತ್ತದೆ.

ಒಂದು ಹೆಣ್ಣು ಪತಂಗ ಆರು ನೂರಕ್ಕೂ ಹೆಚ್ಚು ಮೊಟ್ಟೆಗಳನ್ನು ಎಲೆಯ ತಳಭಾಗದಲ್ಲಿ ಗುಂಪಾಗಿ ಇಡಬಲ್ಲದು. ಮೂರು ನಾಲ್ಕು ದಿನಗಳಲ್ಲಿ ಮೊಟ್ಟೆಯೊಡೆದ ಮರಿಗಳು ಮೊದಮೊದಲು ಒಂದೇ ಎಲೆಯಡಿ ಕೂಡಿಕೊಂಡು ಹಸಿರನ್ನು ಕೆರೆದು ತಿನ್ನುತ್ತವೆ. ಆಗ ಎಲೆ ತೆಳ್ಳನೆಯ ಕಾಗದದಂತೆ ಬೆಳ್ಳಗೆ ಕಾಣುತ್ತದೆ. ಇದೇ ಹಿಡಿಯುವ ಕಾಲ. ಅಂಥ ಎಲೆಯನ್ನು ಕಿತ್ತು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿದರೆ ನೂರಾರು ಹುಳುಗಳು ಒಂದೇ ಸಲಕ್ಕೆ ಹೋದವು. ಮೈಮೇಲೆ ದಟ್ಟ ರೋಮ ಬಂದು ಹುಳುಗಳು ಚದುರಿದ ಮೇಲೆ ಔಷಧಿಯೂ ಸುಲಭವಾಗಿ ತಾಗುವುದಿಲ್ಲ, ಖರ್ಚು ಮಾತ್ರ ತಾಗುತ್ತದೆ.

ಆದ್ದರಿಂದ ಭಾರಿ ಮಳೆ ಬಿದ್ದ ದಿನದಿಂದ ಎರಡು ಮೂರು ರಾತ್ರಿ ಮನೆಯ ಹೊರಗಿನ ದೀಪದ ಕೆಳಗೆ ನೋಡಿ. ನಾಲ್ಕಾರು ಬಿಳಿ ಪತಂಗ ಕಂಡರೂ ಸಾಕು, ಗೋಡೆಗೆ ತೂಗುಹಾಕಿದ ಪಂಚಾಂಗದಲ್ಲಿ ಆ ದಿನಕ್ಕೆ ಗುರುತು ಹಾಕಿ. ಅಲ್ಲಿಂದ ಐದನೆಯ ದಿನದಿಂದ ಹತ್ತನೆಯ ದಿನದವರೆಗೆ ಬೆಳಿಗ್ಗೆ ಹೊಲ ಸುತ್ತಿ ಎಲೆಯ ತಳಭಾಗ ನೋಡುವುದು ತಪ್ಪಬಾರದು. ಅಲಸಂದೆಯ ಮೇಲೆ ಈ ಪತಂಗಕ್ಕೆ ಆಸೆ ಹೆಚ್ಚು. ನೆಲಗಡಲೆಯ ನಡುವೆ ಅಲ್ಲಲ್ಲಿ ಅಲಸಂದೆ ಸಾಲು ಹಾಕಿದ್ದರೆ ಮೊಟ್ಟೆ ಹುಡುಕುವ ಕೆಲಸ ಆ ಸಾಲುಗಳಲ್ಲೇ ಬಹುಮಟ್ಟಿಗೆ ಮುಗಿಯುತ್ತದೆ.

ಬೆಳಕಿನ ಬಲೆಯೂ ಉಪಯುಕ್ತ. ಹೊಲದ ಬದುವಿನಲ್ಲಿ ಒಂದು ದೀಪ, ಅದರಡಿ ಸ್ವಲ್ಪ ಸೀಮೆಎಣ್ಣೆ ಸೇರಿಸಿದ ನೀರಿನ ಅಗಲವಾದ ಬಾಣಲೆ, ಇಷ್ಟೇ ಸಾಕು. ಆದರೆ ಒಬ್ಬರೇ ಹಚ್ಚಿದರೆ ಪ್ರಯೋಜನ ಅಲ್ಪ. ಪಕ್ಕದ ಹೊಲದ ಪತಂಗ ನಿಮ್ಮ ಬೆಳೆಗೂ ಬರುತ್ತದೆ, ಬದು ಅದಕ್ಕೆ ಲೆಕ್ಕವಿಲ್ಲ. ಊರಿನವರೆಲ್ಲ ಒಪ್ಪಿಕೊಂಡು ಅದೇ ಎರಡು ಮೂರು ರಾತ್ರಿ ಕತ್ತಲಾದಾಗಿನಿಂದ ಹನ್ನೊಂದು ಗಂಟೆಯವರೆಗೆ ದೀಪ ಹಚ್ಚಬೇಕು. ದಿನಗಟ್ಟಲೆ ಹಚ್ಚಿಡುವುದು ಬೇಡ, ಬೆಳೆಗೆ ಉಪಕಾರ ಮಾಡುವ ಹುಳುಗಳೂ ಬೆಳಕಿಗೆ ಬಂದು ಸಾಯುತ್ತವೆ. ಹಿಂದೆ ಕೆಲವೆಡೆ ಹಳೆಯ ಟೈರು ಸುಡುತ್ತಿದ್ದರು. ಆ ಹೊಗೆ ಒಳ್ಳೆಯದಲ್ಲ, ಆ ಪದ್ಧತಿ ಬಿಡುವುದು ಲೇಸು.

ಬೇವಿನ ಮರದ ಸದ್ದು

ಮನೆಯ ಮುಂದೆ ಬೇವಿನ ಮರವಿದ್ದರೆ ಮೊದಲ ದೊಡ್ಡ ಮಳೆಯ ಸಂಜೆ ಏಳು ಗಂಟೆ ದಾಟುತ್ತಲೇ ಅದರ ಕೆಳಗೆ ನಿಂತು ಕಿವಿಗೊಡಿ. ಕಂದು ಬಣ್ಣದ ದುಂಬಿಗಳು ನೆಲದಿಂದೆದ್ದು ಗುಂಯ್ ಎನ್ನುತ್ತ ಮರ ಸೇರುತ್ತವೆ. ಇವು ಗೊಣ್ಣೆ ಹುಳುವಿನ ತಾಯಿತಂದೆಗಳು. ರಾತ್ರಿ ಮರದಲ್ಲಿ ಕೂಡಿ, ಎಲೆ ತಿಂದು, ಬೆಳಗಾಗುವ ಮುನ್ನ ಮಣ್ಣಿಗೆ ಮರಳುತ್ತವೆ. ಮಣ್ಣಿನಲ್ಲಿ ಹುಟ್ಟುವ ಮರಿಗಳು ಕಬ್ಬು, ನೆಲಗಡಲೆ ಮುಂತಾದವುಗಳ ಬೇರು ಕಡಿಯುವುದು ಮುಂದೆ, ಮಳೆಗಾಲದಲ್ಲಿ. ಗಿಡ ಬಾಡಿದಾಗ ಹುಳು ಹುಡುಕುವುದಕ್ಕಿಂತ ಮೇ ತಿಂಗಳಲ್ಲಿ ಮರ ಅಲ್ಲಾಡಿಸುವುದು ಎಷ್ಟೋ ಸುಲಭ. ಕೆಳಗೆ ಹಳೆಯ ಸೀರೆ ಅಥವಾ ತಾಡಪಾಲು ಹಾಸಿ, ಉದ್ದ ಕೋಲಿನಿಂದ ಕೊಂಬೆ ಬಡಿದು, ಬಿದ್ದ ದುಂಬಿಗಳನ್ನು ಸೀಮೆಎಣ್ಣೆ ನೀರಿಗೆ ಹಾಕಿ. ಮಕ್ಕಳಿಗೆ ಇದು ಆಟವೇ ಸರಿ. ಬೇವಿನ ಜೊತೆಗೆ ಜಾಲಿ, ಬಾರೆ ಗಿಡಗಳನ್ನೂ ನೋಡಬೇಕು.

ತೆಂಗು ಇರುವವರು ತಿಪ್ಪೆಯನ್ನೂ ಒಮ್ಮೆ ಕೆದಕಿ ನೋಡಬೇಕು. ಅಲ್ಲಿ ಸುರುಳಿಯಾಗಿ ಮಲಗಿರುವ ದಪ್ಪ ಬಿಳಿ ಹುಳು ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿಯ ಮರಿಯಾಗಿರಬಹುದು. ಗೊಬ್ಬರ ಹೊಲಕ್ಕೆ ಹೊಡೆಯುವಾಗ ಆರಿಸಿ ಕೋಳಿಗೆ ಹಾಕಿ.

ಈಸಲು, ಇರುವೆ, ಕಪ್ಪೆ, ಹಕ್ಕಿ

ರೆಕ್ಕೆ ಬಂದ ಗೆದ್ದಲು, ಹಳ್ಳಿಯಲ್ಲಿ ಈಸಲು ಎನ್ನುವ ಹುಳು, ಹುತ್ತದಿಂದ ಏಳುವುದೂ ಮಣ್ಣು ನೆನೆದು ಮೆದುವಾದ ಮೇಲೆಯೇ. ನೆಲದೊಳಗೆ ಬೇಸಿಗೆ ಕಳೆದ ಕಪ್ಪೆಗಳು ಅದೇ ರಾತ್ರಿ ವಟಗುಟ್ಟುತ್ತವೆ. ಇರುವೆ ಮೊಟ್ಟೆ ಹೊತ್ತು ಮೇಲಕ್ಕೆ ಹೋದರೆ ಮಳೆ ಎನ್ನುತ್ತಾರೆ. ಗೂಡಿನೊಳಗೆ ಹಸಿ ಹೆಚ್ಚಾದಾಗಲೂ ಅವು ಹಾಗೆ ಮಾಡುತ್ತವೆ, ಬಚ್ಚಲ ನೀರು ನುಗ್ಗಿದರೂ ಸಾಕು. ಇದನ್ನು ನೋಡಿ ಬೀಜ ಹೊರಗೆ ತೆಗೆಯಬೇಡಿ.

ಚಾತಕ ಪಕ್ಷಿಯ ಮಾತು ಸ್ವಲ್ಪ ಬೇರೆ. ಆಫ್ರಿಕದಿಂದ ಮುಂಗಾರಿನ ಜೊತೆ ಬರುವ ಚಾತಕಗಳಿವೆ, ಉತ್ತರ ಹಾಗೂ ಮಧ್ಯ ಭಾರತದಲ್ಲಿ ಅದು ಮಳೆಯ ದೂತನೆನಿಸಿಕೊಂಡದ್ದು ಅದಕ್ಕೇ. ಆದರೆ ದಕ್ಷಿಣದಲ್ಲಿ ವರ್ಷವಿಡೀ ಇಲ್ಲಿಯೇ ಇರುವ ಚಾತಕಗಳೂ ಇವೆ. ನಿಮ್ಮ ಹಿತ್ತಲಿನಲ್ಲಿ ಕೂಗಿದ್ದು ಯಾವುದೆಂದು ಕೂಗಿನಿಂದ ಹೇಳಲಾಗದು. ಕಾಗೆ ಯಾವ ಕೊಂಬೆಗೆ ಗೂಡು ಕಟ್ಟಿತೆಂದು ನೋಡಿ ಮಳೆ ಹೇಳುವ ಹಿರಿಯರೂ ಇದ್ದಾರೆ. ಕೇಳಲು ಚೆನ್ನ, ಬಿತ್ತನೆಗೆ ನಾನಂತೂ ನೆಚ್ಚುವುದಿಲ್ಲ.

ಹಕ್ಕಿಗಳಿಂದ ನಿಜವಾದ ಉಪಯೋಗ ಉಳುಮೆಯ ಹೊತ್ತಿನಲ್ಲಿದೆ. ಬೇಸಿಗೆ ಮಳೆಗೆ ಹೊಲ ಉಳುವಾಗ ಬೆಳ್ಳಕ್ಕಿ, ಗೊರವಂಕ, ಕಾಗೆಗಳು ಸಾಲಿನ ಹಿಂದೆಯೇ ನಡೆದು ಬರುತ್ತವೆ. ಮೇಲೆ ಬಿದ್ದ ಕಂಬಳಿಹುಳುವಿನ ಕೋಶ, ಗೊಣ್ಣೆ ಹುಳು ಅವುಗಳ ಪಾಲು. ಅವು ಬಿಟ್ಟದ್ದು ಬಿಸಿಲಿಗೆ ಒಣಗುತ್ತದೆ. ಈಗ ಟ್ರ್ಯಾಕ್ಟರಿನವರು ಬಿಡುವಿಲ್ಲವೆಂದು ರಾತ್ರಿ ದೀಪ ಹಾಕಿಕೊಂಡು ಉಳುತ್ತಾರೆ. ಬಾಡಿಗೆ ಅಷ್ಟೇ, ಆದರೆ ಈ ಹಕ್ಕಿಗಳ ಕೂಲಿಯಿಲ್ಲದ ಕೆಲಸ ನಿಮಗೆ ತಪ್ಪಿತು. ಸಾಧ್ಯವಾದರೆ ಬೆಳಗಿನ ಹೊತ್ತು ಕೇಳಿಕೊಳ್ಳಿ.

ಗಾಳಿ, ಮೋಡ ಮತ್ತು ಒಂದು ಡಬ್ಬಿ

ಮೇ ತಿಂಗಳ ಗುಡುಗುಮೋಡ ಮಧ್ಯಾಹ್ನದ ಕಾವಿನಿಂದ ಏಳುತ್ತದೆ. ಸೆಕೆ ಹೆಚ್ಚಿ, ಗಾಳಿ ನಿಂತು, ಮೋಡ ಗೋಪುರದಂತೆ ಬೆಳೆದು ಅದರ ತಲೆ ಚಪ್ಪಟೆಯಾಗಿ ಹರಡಿದರೆ ಅದರಡಿ ಮಳೆಯಿದೆ ಎಂದರ್ಥ. ಬಿಸಿಗಾಳಿಯ ನಡುವೆ ಒಮ್ಮೆಲೇ ತಣ್ಣನೆಯ ಬಿರುಗಾಳಿ ಬೀಸಿದರೆ ಆ ಮಳೆ ಹತ್ತಿರದಲ್ಲೇ ಬೀಳುತ್ತಿದೆ. ಆದರೆ ಇಂಥ ಒಂದು ಮೋಡದ ಅಗಲ ಕೆಲವೇ ಕಿಲೋಮೀಟರು. ಪಕ್ಕದೂರಿನ ಕೆರೆಗೆ ನೀರು ಬಂದಿರುತ್ತದೆ, ನಿಮ್ಮ ಅಂಗಳದ ಧೂಳು ಅಡಗಿರುವುದಿಲ್ಲ. ಮುಂಗಾರು ಮಾರುತದ ಮಳೆ ಬೇರೆ ಜಾತಿಯದು. ಕೇರಳಕ್ಕೆ ಅದು ಬರುವ ವಾಡಿಕೆಯ ದಿನ ಜೂನ್ 1. ಅದರ ಗುರುತೆಂದರೆ ಹಗಲೂ ರಾತ್ರಿ ಬಿಡದೆ ಪಡುವಣದಿಂದ ಬೀಸುವ ಗಾಳಿ. ಗುಡುಗು ಮಳೆಯನ್ನೇ ಮುಂಗಾರು ಎಂದುಕೊಂಡು ಬಿತ್ತಿದವರ ಬೀಜ ಮೊಳೆತು ಒಣಗುವುದನ್ನು ನಾವು ಮತ್ತೆ ಮತ್ತೆ ಕಂಡಿದ್ದೇವೆ.

ಗ್ರಾಮ ಪಂಚಾಯತಿ ಮಟ್ಟದಲ್ಲಿ ಮಳೆಮಾಪಕಗಳು ಈಗ ಇವೆ. ಆದರೂ ಮೇಲೆ ಹೇಳಿದ ಕಾರಣದಿಂದ ನಿಮ್ಮ ಹೊಲದ ಮಳೆ ನಿಮಗೇ ಗೊತ್ತಾಗಬೇಕು. ಬಾಯಿಯೂ ತಳವೂ ಒಂದೇ ಅಗಲವಿರುವ, ಗೋಡೆ ನೆಟ್ಟಗಿರುವ ಒಂದು ಡಬ್ಬಿಯನ್ನು ಬಯಲಿನಲ್ಲಿ ಕಲ್ಲುಗಳ ನಡುವೆ ಅಲುಗದಂತೆ ಇಡಿ. ಸೂರು, ಮರ ಎಷ್ಟು ಎತ್ತರವೋ ಅದರ ಎರಡರಷ್ಟು ದೂರವಿರಲಿ. ಬೆಳಿಗ್ಗೆ ಎಂಟೂವರೆಗೆ ಶಾಲೆಯ ಅಡಿಪಟ್ಟಿಯನ್ನು ನೆಟ್ಟಗೆ ಇಳಿಸಿ ನೀರಿನ ಎತ್ತರವನ್ನು ಮಿಲಿಮೀಟರಿನಲ್ಲಿ ಓದಿ. ಪಟ್ಟಿಯ ತುದಿಯಲ್ಲಿ ಸೊನ್ನೆಗೆ ಮುಂಚೆ ಖಾಲಿ ಜಾಗವಿದ್ದರೆ ಅದನ್ನೂ ಸೇರಿಸಿಕೊಳ್ಳಿ. ಒಂದು ಮಿ.ಮೀ. ಮಳೆಯೆಂದರೆ ಎಕರೆಗೆ ಸುಮಾರು 4,000 ಲೀಟರು ನೀರು. ಕೇಳಲು ದೊಡ್ಡದಾಗಿ ಕಂಡರೂ ಬೇಸಿಗೆಯ ಬಿಸಿಲು ದಿನಕ್ಕೆ ಹಲವು ಮಿ.ಮೀ. ನೀರನ್ನು ಆವಿಮಾಡುತ್ತದೆ. ಹವಾಮಾನ ಇಲಾಖೆಯವರು 2.5 ಮಿ.ಮೀ.ಗಿಂತ ಕಡಿಮೆ ಬಿದ್ದ ದಿನವನ್ನು ಮಳೆಯ ದಿನವೆಂದೇ ಎಣಿಸುವುದಿಲ್ಲ.

ಡಬ್ಬಿಯ ಲೆಕ್ಕದ ಜೊತೆ ಗುದ್ದಲಿಯ ಲೆಕ್ಕವೂ ಬೇಕು. ಮಳೆಯ ಮರುದಿನ ಹೊಲದಲ್ಲಿ ಮೂರು ನಾಲ್ಕು ಕಡೆ ಅಗೆದು ಹಸಿ ಎಲ್ಲಿಯವರೆಗೆ ಇಳಿದಿದೆ ನೋಡಿ. ಒಂದು ಗೇಣಿನಷ್ಟು ಆಳದ ಮಣ್ಣು ಕೈಯಲ್ಲಿ ಹಿಡಿದರೆ ಉಂಡೆಯಾಗಿ ನಿಂತರೆ ಬಿತ್ತನೆಗೆ ಯೋಚಿಸಬಹುದು. ಮೇಲಿನ ನಾಲ್ಕು ಬೆರಳು ಮಾತ್ರ ನೆನೆದಿದ್ದರೆ ಕುಂಟೆ ಹೊಡೆದು ಕಾಯಿರಿ.

ಗುಡುಗುಮೋಡದ ವಿಷಯ ಬಂದಾಗ ಸಿಡಿಲನ್ನು ಮರೆಯುವಂತಿಲ್ಲ. ಮಿಂಚು ಕಂಡು ಗುಡುಗು ಕೇಳುವುದರೊಳಗೆ ಮೂವತ್ತು ಎಣಿಸಲಾಗದಿದ್ದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ, ಆಗಲೇ ಮನೆ ಸೇರಿ. ಒಂಟಿ ಮರದ ಕೆಳಗೆ ನೀವೂ ನಿಲ್ಲಬೇಡಿ, ದನವನ್ನೂ ಕಟ್ಟಬೇಡಿ. ಇನ್ನು ಹಾವು. ತಂಪಿಗೂ, ಇಲಿ ಕಪ್ಪೆಗಳ ಬೆನ್ನು ಹತ್ತಿಯೂ ಅವು ಮನೆಯ ಹತ್ತಿರ ಬರುವ ಕಾಲವಿದು. ಕೇರೆಹಾವನ್ನು ಹೊಡೆಯಬೇಡಿ, ಅದು ಕಣಜದ ಕಾವಲುಗಾರ. ಕಟ್ಟುಹಾವು ಮಾತ್ರ ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ, ನೋವೂ ಹೆಚ್ಚಾಗಿ ತಿಳಿಯದು. ಮಂಚ, ಸೊಳ್ಳೆಪರದೆ, ರಾತ್ರಿ ಓಡಾಡುವಾಗ ಟಾರ್ಚು ಇರಲಿ. ಕಚ್ಚಿದರೆ ಮಂತ್ರ ನಾಟಿಮದ್ದೆಂದು ಹೊತ್ತು ಕಳೆಯದೆ ವಿಷಮದ್ದು ಇರುವ ಆಸ್ಪತ್ರೆಗೆ ಒಯ್ಯಿರಿ.

ಇಷ್ಟನ್ನೂ ಬರೆದಿಡಲು ಮಕ್ಕಳ ಹಳೆಯ ನೋಟುಪುಸ್ತಕ ಸಾಕು. ತಾರೀಖು, ಮಳೆಯ ಮಿ.ಮೀ., ಗಾಳಿಯ ದಿಕ್ಕು, ಹಸಿಯ ಆಳ, ದೀಪಕ್ಕೆ ಮತ್ತು ಬೇವಿಗೆ ಬಂದ ಹುಳು. ನಕ್ಷತ್ರದ ಹೆಸರನ್ನೂ ಬರೆಯಿರಿ, ಅದು ಸೂರ್ಯನ ಲೆಕ್ಕವೇ ಆದ್ದರಿಂದ ಪ್ರತಿ ವರ್ಷ ಹೆಚ್ಚುಕಡಿಮೆ ಅದೇ ತಾರೀಖಿಗೆ ಬರುತ್ತದೆ. ಕೃತ್ತಿಕೆ ಮೇ 11ರ ಸುಮಾರಿಗೆ, ರೋಹಿಣಿ ಮೇ 25ಕ್ಕೆ, ಮೃಗಶಿರ ಜೂನ್ 8ಕ್ಕೆ. ನಮ್ಮ ಮನೆಯ ಪುಸ್ತಕವನ್ನು ಎತ್ತು ಮಾರಿದ ಮರುವರ್ಷ ಅಪ್ಪನೇ ಶುರು ಮಾಡಿದರು. ಅದರ ಮೊದಲ ಪುಟದಲ್ಲಿ ರೋಹಿಣಿಯ ಎದುರು ಅವರು ಬರೆದಿರುವುದು ಇಷ್ಟು: "ದೀಪಕ್ಕೆ ಬಿಳಿ ಹುಳ ಹನ್ನೊಂದು. ಆರನೇ ದಿನ ಅಲಸಂದೆ ಎಲೆ ಒಂದು ಪುಟ್ಟಿ ಕಿತ್ತು ಸುಟ್ಟಿದ್ದಾಯಿತು."